ಒಂಟಿ ಲಾರಿಯ ಲೆಕ್ಕಪತ್ರ: ಡೀಸೆಲ್ ತೆರಿಗೆ, ಬಾಡಿಗೆ ಮತ್ತು ಕಾಗದಗಳು

ಸ್ವಂತ ಹೆಸರಿನಲ್ಲಿ ಒಂದೋ ಎರಡೋ ಲಾರಿ ಇಟ್ಟುಕೊಂಡು ತಾವೇ ಸ್ಟೇರಿಂಗ್ ಹಿಡಿದು ದುಡಿಯುವ ಚಾಲಕ-ಮಾಲೀಕರು ಮೋಟಾರು ವಾಹನ ಕಾಯ್ದೆಯ ದೃಷ್ಟಿಯಲ್ಲಿ ಪರ್ಮಿಟ್‌ದಾರರು, ಆದಾಯ ತೆರಿಗೆ ಇಲಾಖೆಯ ದೃಷ್ಟಿಯಲ್ಲಿ ವ್ಯವಹಾರಸ್ಥರು, ಜಿಎಸ್‌ಟಿ ಕಾನೂನಿನ ದೃಷ್ಟಿಯಲ್ಲಿ ಸಾಗಣೆದಾರರು, ಫೈನಾನ್ಸ್ ಕಂಪನಿಯ ದೃಷ್ಟಿಯಲ್ಲಿ ಸಾಲಗಾರರು. ನೂರಾರು ಲಾರಿಗಳಿರುವ ಸಾರಿಗೆ ಸಂಸ್ಥೆಯಲ್ಲಿ ಈ ಒಂದೊಂದು ಕೆಲಸಕ್ಕೂ ಪ್ರತ್ಯೇಕ ಗುಮಾಸ್ತರಿರುತ್ತಾರೆ. ಒಂಟಿ ಲಾರಿಯವರಿಗೆ ಕ್ಯಾಬಿನ್ನಿನಲ್ಲಿರುವ ಕಾಗದದ ಚೀಲವೇ ಕಚೇರಿ. ಅವರು ಕಟ್ಟುವ ತೆರಿಗೆಗಳಲ್ಲೆಲ್ಲ ಬಹು ದೊಡ್ಡದು ಡೀಸೆಲ್ ಬೆಲೆಯಲ್ಲಿ ಅಡಗಿರುವ ತೆರಿಗೆ; ಆದರೆ ಅದನ್ನು ಯಾವ ರಿಟರ್ನ್ ಸಲ್ಲಿಸಿಯೂ ಹಿಂದಕ್ಕೆ ಪಡೆಯಲಾಗದು, ಬಾಡಿಗೆಯ ಮೂಲಕ ಮಾತ್ರ ವಸೂಲು ಮಾಡಿಕೊಳ್ಳಬಹುದು. ಆದುದರಿಂದ ಲಾರಿಯ ಲೆಕ್ಕಪತ್ರವನ್ನು ಅಧಿಕಾರಿಗಳಿಗೆ ತೋರಿಸಲೆಂದು ಮಾತ್ರ ಇಡುವುದಕ್ಕಿಂತ, ಬಾಡಿಗೆಯನ್ನು ಸರಿಯಾಗಿ ಕೇಳಲು ಮತ್ತು ಕೇಳಿದ್ದನ್ನು ಪೂರ್ತಿ ಪಡೆಯಲು ಇಡುವುದು ಹೆಚ್ಚು ಮುಖ್ಯ ಎಂಬುದು ಈ ಲೇಖನದ ನಿಲುವು.

ಡೀಸೆಲ್‌ನ ಮೇಲೆ ಎರಡು ಸರ್ಕಾರಗಳು ತೆರಿಗೆ ಹಾಕುತ್ತವೆ. ಕೇಂದ್ರ ಸರ್ಕಾರವು ಲೀಟರಿಗೆ ಇಷ್ಟು ರೂಪಾಯಿ ಎಂದು ನಿಗದಿಯಾದ ಅಬಕಾರಿ ಸುಂಕವನ್ನು ವಿಧಿಸುತ್ತದೆ. ಮೂಲ ಸುಂಕ, ವಿಶೇಷ ಹೆಚ್ಚುವರಿ ಸುಂಕ, ಕೃಷಿ ಮೂಲಸೌಕರ್ಯ ಸೆಸ್ ಮತ್ತು ರಸ್ತೆ ಸೆಸ್ ಎಂಬ ಭಾಗಗಳು ಅದರಲ್ಲಿ ಸೇರಿರುತ್ತವೆ. 2022ರ ಮೇ ತಿಂಗಳಲ್ಲಿ ಕಡಿತವಾದ ನಂತರ ಲೀಟರಿಗೆ 15 ರೂಪಾಯಿ 80 ಪೈಸೆ ಇದ್ದ ಈ ಸುಂಕ, 2025ರ ಏಪ್ರಿಲ್‌ನಲ್ಲಿ 2 ರೂಪಾಯಿ ಏರಿ 17 ರೂಪಾಯಿ 80 ಪೈಸೆ ಆಯಿತು. ರಾಜ್ಯ ಸರ್ಕಾರವು ಬೆಲೆಯ ಶೇಕಡಾವಾರು ಲೆಕ್ಕದಲ್ಲಿ ಮಾರಾಟ ತೆರಿಗೆಯನ್ನು ಹಾಕುತ್ತದೆ. ಕರ್ನಾಟಕದಲ್ಲಿ ಅದು 2024ರ ಜೂನ್‌ನಲ್ಲಿ ಶೇ 14.34ರಿಂದ ಶೇ 18.44ಕ್ಕೆ, 2025ರ ಏಪ್ರಿಲ್ 1ರಿಂದ ಶೇ 21.17ಕ್ಕೆ ಏರಿತು. ಈ ಎರಡನೆಯ ಏರಿಕೆಯಿಂದ ಬೆಂಗಳೂರಿನಲ್ಲಿ ಡೀಸೆಲ್ ಲೀಟರಿಗೆ 2 ರೂಪಾಯಿ ಹೆಚ್ಚಿ ಸುಮಾರು 91 ರೂಪಾಯಿಗೆ ಬಂದಾಗ, ರಾಜ್ಯದ ಲಾರಿ ಮಾಲೀಕರ ಒಕ್ಕೂಟವು ಏಪ್ರಿಲ್ 14ರ ಮಧ್ಯರಾತ್ರಿಯಿಂದ ಮುಷ್ಕರ ಹೂಡಿತ್ತು. ರಾಜ್ಯದ ತೆರಿಗೆಯನ್ನು ಲೆಕ್ಕ ಹಾಕುವ ಬೆಲೆಯಲ್ಲಿ ಕೇಂದ್ರದ ಸುಂಕವೂ ಸೇರಿರುವುದರಿಂದ ತೆರಿಗೆಯ ಮೇಲೆ ತೆರಿಗೆ ಬೀಳುತ್ತದೆ ಎಂಬುದನ್ನೂ ಇಲ್ಲಿ ಗಮನಿಸಬೇಕು.

2017ರ ಜುಲೈ 1ರಿಂದ ಜಾರಿಗೆ ಬಂದ ಜಿಎಸ್‌ಟಿ ವ್ಯವಸ್ಥೆಯಲ್ಲಿ ವ್ಯವಹಾರಸ್ಥರು ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಮಾರಾಟದ ಮೇಲಿನ ತೆರಿಗೆಯಿಂದ ಕಳೆದುಕೊಳ್ಳಲು ಅವಕಾಶವಿದ್ದು, ಇದನ್ನು ಹೂಡುವಳಿ ತೆರಿಗೆ ಜಮೆ ಎನ್ನುತ್ತಾರೆ. ಆದರೆ ಕಚ್ಚಾ ತೈಲ, ಪೆಟ್ರೋಲ್, ಡೀಸೆಲ್, ವಿಮಾನ ಇಂಧನ ಮತ್ತು ನೈಸರ್ಗಿಕ ಅನಿಲ ಎಂಬ ಐದು ಪದಾರ್ಥಗಳನ್ನು ಜಿಎಸ್‌ಟಿಯಿಂದ ಹೊರಗಿಟ್ಟಿರುವುದರಿಂದ, ಡೀಸೆಲ್‌ಗೆ ತೆತ್ತ ತೆರಿಗೆಗೆ ಯಾರಿಗೂ ಜಮೆ ಸಿಗುವುದಿಲ್ಲ. ಜಿಎಸ್‌ಟಿ ನೋಂದಣಿ ಮಾಡಿಸಿದರೆ ಡೀಸೆಲ್ ಬಿಲ್ಲಿನ ತೆರಿಗೆ ವಾಪಸು ಬರುತ್ತದೆ ಎಂದು ಯಾರಾದರೂ ಹೇಳಿದರೆ ಆ ಮಾತಿಗೆ ಕಾನೂನಿನ ಆಧಾರವಿಲ್ಲ.

ಅಮೆರಿಕ ಮತ್ತು ಕೆನಡಾಗಳಲ್ಲಿ ಇದಕ್ಕಿಂತ ಭಿನ್ನವಾದ ಕ್ರಮವಿದೆ. ಅಲ್ಲಿನ 48 ರಾಜ್ಯಗಳು ಮತ್ತು 10 ಪ್ರಾಂತ್ಯಗಳು ಸೇರಿ ಮಾಡಿಕೊಂಡಿರುವ ಅಂತರರಾಷ್ಟ್ರೀಯ ಇಂಧನ ತೆರಿಗೆ ಒಪ್ಪಂದದಂತೆ, ಭಾರಿ ಲಾರಿಯ ಮಾಲೀಕರು ಯಾವ ರಾಜ್ಯದಲ್ಲಿ ಎಷ್ಟು ಮೈಲಿ ಓಡಿಸಿದರು, ಎಲ್ಲಿ ಎಷ್ಟು ಡೀಸೆಲ್ ತುಂಬಿಸಿದರು ಎಂಬುದನ್ನು ಮೂರು ತಿಂಗಳಿಗೊಮ್ಮೆ ತಮ್ಮ ತವರು ರಾಜ್ಯಕ್ಕೆ ವರದಿ ಮಾಡುತ್ತಾರೆ. ತೆರಿಗೆಯು ಡೀಸೆಲ್ ತುಂಬಿಸಿದ ರಾಜ್ಯಕ್ಕೆ ಸೇರದೆ ಲಾರಿ ಓಡಿದ ರಾಜ್ಯಕ್ಕೆ ಹಂಚಿಕೆಯಾಗುತ್ತದೆ. ಭಾರತದಲ್ಲಿ ಇಂಥ ಹೊಂದಾಣಿಕೆಯಿಲ್ಲ. ಟ್ಯಾಂಕು ತುಂಬಿದ ರಾಜ್ಯಕ್ಕೇ ತೆರಿಗೆ ಸೇರುವುದರಿಂದ, ಅಂತರರಾಜ್ಯ ದಾರಿಯಲ್ಲಿ ಓಡುವವರ ಕೈಯಲ್ಲಿ ಉಳಿದಿರುವ ಒಂದೇ ಆಯ್ಕೆಯೆಂದರೆ ಎಲ್ಲಿ ತುಂಬಿಸಬೇಕು ಎಂಬುದು. 2025ರ ಏರಿಕೆಯ ನಂತರವೂ ಕರ್ನಾಟಕದ ಡೀಸೆಲ್ ಆಂಧ್ರಪ್ರದೇಶ, ತೆಲಂಗಾಣ ಮತ್ತು ಕೇರಳಗಳಿಗಿಂತ ಅಗ್ಗವಾಗಿಯೇ ಇತ್ತು. ಗಡಿಯ ಎರಡು ಬದಿಗಳ ನಡುವೆ ಲೀಟರಿಗೆ 5 ರೂಪಾಯಿ ವ್ಯತ್ಯಾಸವಿದ್ದರೆ 300 ಲೀಟರಿಗೆ 1,500 ರೂಪಾಯಿ ಉಳಿಯುತ್ತದೆ. ಹೊರಡುವ ಮುನ್ನ ದಾರಿಯ ಜಿಲ್ಲೆಗಳ ಆ ದಿನದ ದರವನ್ನು ತೈಲ ಕಂಪನಿಗಳ ಆ್ಯಪ್‌ನಲ್ಲಿ ನೋಡಿಕೊಳ್ಳುವ ಐದು ನಿಮಿಷದ ಕೆಲಸಕ್ಕೆ ಇದು ಸಣ್ಣ ಪ್ರತಿಫಲವಲ್ಲ.

ಹೀಗೆ ಉಳಿಸಿದ್ದರ ಹೊರತಾಗಿ ಮಿಕ್ಕ ತೆರಿಗೆಯೆಲ್ಲ ಬಾಡಿಗೆಯಲ್ಲಿ ಬರಬೇಕು. ಲೀಟರಿಗೆ 4 ಕಿಲೋಮೀಟರ್ ಕೊಡುವ ಹತ್ತು ಚಕ್ರದ ಲಾರಿಯನ್ನು ಉದಾಹರಣೆಯಾಗಿ ತೆಗೆದುಕೊಂಡು 2025ರ ಏಪ್ರಿಲ್‌ನ ದರಗಳಲ್ಲಿ ಲೆಕ್ಕ ಹಾಕಿದರೆ, 91 ರೂಪಾಯಿಯ ಲೀಟರಿನಲ್ಲಿ ಕೇಂದ್ರದ ಪಾಲು 17.80 ರೂಪಾಯಿ, ರಾಜ್ಯದ ಪಾಲು ಹೆಚ್ಚುಕಡಿಮೆ 16 ರೂಪಾಯಿ, ಒಟ್ಟು ಸುಮಾರು 34 ರೂಪಾಯಿ ತೆರಿಗೆಯಾಗುತ್ತದೆ. ಅಂದರೆ ಪ್ರತಿ ಕಿಲೋಮೀಟರಿಗೆ 22 ರೂಪಾಯಿ 75 ಪೈಸೆಯ ಡೀಸೆಲ್ ಉರಿದರೆ ಅದರಲ್ಲಿ 8 ರೂಪಾಯಿಗೂ ಹೆಚ್ಚು ತೆರಿಗೆ. ತಿಂಗಳಿಗೆ 8,000 ಕಿಲೋಮೀಟರ್ ಓಡುವ ಲಾರಿಯು 2,000 ಲೀಟರ್ ಕುಡಿದು 65,000 ರೂಪಾಯಿಗಿಂತ ಹೆಚ್ಚು ತೆರಿಗೆಯನ್ನು ಬಂಕಿನಲ್ಲೇ ಕಟ್ಟಿರುತ್ತದೆ. ಹುಬ್ಬಳ್ಳಿಯಿಂದ ಲೋಡು ಒಯ್ದು ರಿಟರ್ನ್ ಲೋಡು ಸಿಗದೆ ಖಾಲಿ ಬಂದರೆ, ಹೋಗುವಾಗಿನ ಬಾಡಿಗೆಯೇ ಎರಡೂ ದಿಕ್ಕಿನ ತೆರಿಗೆಯನ್ನು ಹೊರಬೇಕಾಗುತ್ತದೆ. ಬಾಡಿಗೆ ಮಾತನಾಡುವಾಗ ಬಹಳಷ್ಟು ಮಂದಿ ಟನ್ನಿಗೆ ಎಷ್ಟು ಎಂಬ ಒಂದೇ ಅಂಕಿಯನ್ನು ಹಿಡಿದು ಕೂರುತ್ತಾರೆ; ಖಾಲಿ ಓಡಾಟವನ್ನೂ ಸೇರಿಸಿದ ಕಿಲೋಮೀಟರಿನ ಖರ್ಚು ಗೊತ್ತಿಲ್ಲದೆ ಆ ಅಂಕಿಯಲ್ಲಿ ಲಾಭವಿದೆಯೋ ನಷ್ಟವಿದೆಯೋ ಹೇಳಲು ಬರುವುದಿಲ್ಲ.

ಒಂದೇ ಕಾರ್ಖಾನೆಗೋ ಒಂದೇ ಟ್ರಾನ್ಸ್‌ಪೋರ್ಟ್ ಆಫೀಸಿಗೋ ತಿಂಗಳುಗಟ್ಟಲೆ ಲಾರಿ ಬಿಡುವವರು ಒಪ್ಪಂದದಲ್ಲಿ ಡೀಸೆಲ್ ದರದ ಷರತ್ತನ್ನು ಬರೆಸಿಕೊಳ್ಳುವುದು ಅಗತ್ಯ. ಒಪ್ಪಂದದ ದಿನದ ಡೀಸೆಲ್ ದರ ಇಷ್ಟು, ಅದು ಇಷ್ಟು ರೂಪಾಯಿ ಏರಿದರೆ ಬಾಡಿಗೆ ಇಷ್ಟು ಏರಬೇಕು, ಇಳಿದರೆ ಇಷ್ಟು ಇಳಿಯಬೇಕು ಎಂದು ಸ್ಪಷ್ಟವಾಗಿ ಬರೆದ ಒಂದು ಸಾಲು ಸಾಕು. ದೊಡ್ಡ ಸಂಸ್ಥೆಗಳು ತಮ್ಮ ಒಪ್ಪಂದಗಳಲ್ಲಿ ಇದನ್ನು ತಪ್ಪದೆ ಹಾಕಿಸಿಕೊಳ್ಳುತ್ತವೆ. ಅದರ ಅಗತ್ಯ ಹೆಚ್ಚು ಇರುವ ಸಣ್ಣವರೇ ಬಾಯಿಮಾತಿನಲ್ಲಿ ವ್ಯವಹಾರ ಮುಗಿಸುತ್ತಾರೆ. ಲೀಟರಿಗೆ 2 ರೂಪಾಯಿ ಏರಿದರೆ ಮೇಲಿನ ಲಾರಿಗೆ ಸಾವಿರ ಕಿಲೋಮೀಟರಿನ ಟ್ರಿಪ್ಪಿನಲ್ಲಿ 500 ರೂಪಾಯಿ ಖರ್ಚು ಹೆಚ್ಚುತ್ತದೆ ಎಂಬ ಲೆಕ್ಕವನ್ನು ಕಾಗದದ ಮೇಲೆ ತೋರಿಸಿದಾಗ ಬಾಡಿಗೆ ಕೊಡುವವರಿಗೆ ಅದನ್ನು ಅಲ್ಲಗಳೆಯುವುದು ಕಷ್ಟ.

ಇಂಥ ಲೆಕ್ಕಕ್ಕೆ ಬೇಕಾಗುವ ಮೂಲ ದಾಖಲೆ ಟ್ರಿಪ್ ಶೀಟು. ಹೊರಟಾಗಿನ ಮತ್ತು ತಲುಪಿದಾಗಿನ ಓಡೋಮೀಟರ್ ಅಂಕಿ, ಲೋಡು ಎತ್ತಿದ ಊರು ಮತ್ತು ಇಳಿಸಿದ ಊರು, ಒಪ್ಪಿದ ಬಾಡಿಗೆ, ಬಂದ ಅಡ್ವಾನ್ಸ್, ಉಳಿದ ಬ್ಯಾಲೆನ್ಸ್, ಡೀಸೆಲ್ ತುಂಬಿಸಿದ ಬಂಕು, ಲೀಟರು ಮತ್ತು ದರ, ಟೋಲ್, ಹಮಾಲಿ, ಬ್ರೋಕರ್ ಕಮಿಷನ್, ಚಾಲಕ ಮತ್ತು ಕ್ಲೀನರ್ ಬತ್ತಾ, ಟೈರು ಪಂಚರ್ ಮೊದಲಾದ ದಾರಿ ಖರ್ಚು ಇವಿಷ್ಟೂ ಟ್ರಿಪ್ಪಿಗೊಂದು ಹಾಳೆಯಲ್ಲಿ ಇರಬೇಕು. ಚಾಲಕ-ಮಾಲೀಕರು ತಮ್ಮ ದುಡಿಮೆಗೆ ಬತ್ತಾ ಬರೆದುಕೊಳ್ಳದಿರುವುದು ಸಾಮಾನ್ಯವಾದ ತಪ್ಪು. ಸ್ವಂತ ಶ್ರಮಕ್ಕೆ ಬೆಲೆ ಹಾಕದ ಲೆಕ್ಕದಲ್ಲಿ ಲಾಭ ಇಲ್ಲದಿದ್ದರೂ ಇದ್ದಂತೆ ಕಾಣುತ್ತದೆ, ನಾಳೆ ಸಂಬಳದ ಚಾಲಕರನ್ನು ಇಟ್ಟ ದಿನವೇ ಅದು ಮಾಯವಾಗುತ್ತದೆ. ಬಂಕಿನಲ್ಲಿ ಲಾರಿಯ ನಂಬರು ನಮೂದಾದ ಬಿಲ್ ಕೇಳಿ ಪಡೆಯುವುದು, ಸಾಧ್ಯವಾದಷ್ಟು ಯುಪಿಐ, ಕಾರ್ಡು ಇಲ್ಲವೇ ತೈಲ ಕಂಪನಿಯ ಫ್ಲೀಟ್ ಕಾರ್ಡಿನಲ್ಲಿ ಹಣ ಕೊಡುವುದು, ಶಾಖದ ಮುದ್ರಣದ ಬಿಲ್ಲುಗಳ ಅಕ್ಷರ ಕೆಲವೇ ತಿಂಗಳಲ್ಲಿ ಅಳಿದುಹೋಗುವುದರಿಂದ ಅಂದೇ ಫೋಟೋ ತೆಗೆದಿಡುವುದು ಒಳ್ಳೆಯ ಅಭ್ಯಾಸ. ಫಾಸ್ಟ್ಯಾಗ್ ಖಾತೆಯ ಮಾಸಿಕ ವಿವರವನ್ನೂ ಇಳಿಸಿಕೊಂಡು ಇಡಬೇಕು, ಏಕೆಂದರೆ ಲಾರಿ ಯಾವ ದಿನ, ಯಾವ ಗಂಟೆಗೆ, ಯಾವ ಟೋಲ್ ದಾಟಿತು ಎಂಬುದಕ್ಕೆ ಅದಕ್ಕಿಂತ ನಂಬಲರ್ಹವಾದ ಸಾಕ್ಷಿ ಬೇರೆಯಿಲ್ಲ.

ಜಿಎಸ್‌ಟಿಯ ವಿಷಯದಲ್ಲಿ ಒಂಟಿ ಲಾರಿಯವರಿಗೆ ಇರುವ ಭಯ ಬಹುಮಟ್ಟಿಗೆ ಅನಗತ್ಯವಾದದ್ದು. ರಸ್ತೆಯ ಮೂಲಕ ಸರಕು ಸಾಗಿಸುವ ಸೇವೆಗೆ, ಅದನ್ನು ಸರಕು ಸಾಗಣೆ ಏಜೆನ್ಸಿಯೋ ಕೊರಿಯರ್ ಸಂಸ್ಥೆಯೋ ಮಾಡದಿದ್ದರೆ, ತೆರಿಗೆಯ ವಿನಾಯಿತಿ ಇದೆ. ಸರಕು ಸಾಗಣೆ ಏಜೆನ್ಸಿ ಎಂದರೆ ಸಾಗಣೆಯ ಹೊಣೆ ಹೊತ್ತು ತನ್ನ ಹೆಸರಿನಲ್ಲಿ ರವಾನೆ ಚೀಟಿ, ಅಂದರೆ ವ್ಯವಹಾರದ ಮಾತಿನಲ್ಲಿ ಎಲ್‌ಆರ್, ಕೊಡುವ ಸಂಸ್ಥೆ. ಕ್ರಮಸಂಖ್ಯೆ, ಕಳುಹಿಸುವವರ ಮತ್ತು ಪಡೆಯುವವರ ಹೆಸರು, ಲಾರಿಯ ನಂಬರು, ಸರಕಿನ ವಿವರ, ಹೊರಡುವ ಮತ್ತು ತಲುಪುವ ಸ್ಥಳ, ತೆರಿಗೆ ಕಟ್ಟುವ ಹೊಣೆ ಯಾರದು ಎಂಬ ವಿವರಗಳು ಆ ಚೀಟಿಯಲ್ಲಿರುತ್ತವೆ. ಯಶವಂತಪುರದ ಅಥವಾ ಹುಬ್ಬಳ್ಳಿಯ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಲಾರಿಯನ್ನು ಬಾಡಿಗೆಗೆ ಬಿಟ್ಟು, ಆ ಆಫೀಸಿನ ಎಲ್‌ಆರ್ ಮೇಲೆ ಸರಕು ಒಯ್ಯುವ ಮಾಲೀಕರ ಸೇವೆಯೂ ವಿನಾಯಿತಿಯ ಪಟ್ಟಿಯಲ್ಲಿದೆ. ವಿನಾಯಿತಿಯ ಸೇವೆಯನ್ನಷ್ಟೇ ಕೊಡುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ.

ಪರಿಸ್ಥಿತಿ ಬದಲಾಗುವುದು ಲಾರಿ ಮಾಲೀಕರು ಕಾರ್ಖಾನೆಯಿಂದ ನೇರವಾಗಿ ಲೋಡು ಹಿಡಿದು ತಮ್ಮದೇ ಎಲ್‌ಆರ್ ಪುಸ್ತಕವನ್ನು ಅಚ್ಚು ಹಾಕಿಸಿದಾಗ. ಆಗ ಅವರೇ ಸಾಗಣೆ ಏಜೆನ್ಸಿಯಾಗುತ್ತಾರೆ. ಹಾಗಿದ್ದೂ, ಬಾಡಿಗೆ ಕೊಡುವವರು ಕಾರ್ಖಾನೆ, ಕಂಪನಿ, ಪಾಲುದಾರಿಕೆ ಸಂಸ್ಥೆ ಅಥವಾ ಜಿಎಸ್‌ಟಿ ನೋಂದಾಯಿತ ವ್ಯಾಪಾರಿಯಾಗಿದ್ದರೆ, ಶೇ 5ರ ತೆರಿಗೆಯನ್ನು ಅವರೇ ಸರ್ಕಾರಕ್ಕೆ ಕಟ್ಟುವ ವ್ಯವಸ್ಥೆಯಿದೆ. ಸೇವೆ ಪಡೆದವರು ತೆರಿಗೆ ಕಟ್ಟುವ ಇದನ್ನು ಹಿಮ್ಮುಖ ತೆರಿಗೆ ಎನ್ನುತ್ತಾರೆ. ಬೇಕಾದವರು ನೋಂದಣಿ ಮಾಡಿಸಿ ತಾವೇ ತೆರಿಗೆ ವಿಧಿಸಬಹುದು: ಜಮೆ ಪಡೆಯದಿದ್ದರೆ ಶೇ 5, ಪಡೆದರೆ 2025ರ ಸೆಪ್ಟೆಂಬರ್ 22ರಿಂದ ಶೇ 18. ಜಮೆಯ ಆಸೆಗೆ ಶೇ 18ರ ದಾರಿ ಹಿಡಿಯುವ ಮುನ್ನ ಒಂಟಿ ಲಾರಿಯವರು ಯೋಚಿಸಬೇಕಾದ್ದು, ಖರ್ಚಿನ ಬಹುಭಾಗವಾದ ಡೀಸೆಲ್‌ಗೆ ಜಮೆಯೇ ಇಲ್ಲದಿರುವಾಗ ಟೈರು, ಬಿಡಿಭಾಗ ಮತ್ತು ವಿಮೆಯ ಮೇಲಿನ ಜಮೆ ಎಷ್ಟಾದೀತು ಎಂಬುದನ್ನು. ಹೊಸ ಲಾರಿ ಕೊಂಡ ವರ್ಷವನ್ನು ಬಿಟ್ಟರೆ ಒಂದು ಲಾರಿಗೆ ಆ ಲಾಭವು ತಿಂಗಳು ತಿಂಗಳು ರಿಟರ್ನ್ ಸಲ್ಲಿಸುವ ಖರ್ಚು ಮತ್ತು ಶ್ರಮಕ್ಕೆ ತಕ್ಕುದಾಗಿರುವುದಿಲ್ಲ. ಅದೇ ಸೆಪ್ಟೆಂಬರ್ 22ರಿಂದ ಲಾರಿ ಮತ್ತು ಟೈರುಗಳ ಮೇಲಿನ ತೆರಿಗೆ ಶೇ 28ರಿಂದ ಶೇ 18ಕ್ಕೂ, ಸರಕು ವಾಹನಗಳ ಥರ್ಡ್ ಪಾರ್ಟಿ ವಿಮೆಯ ಮೇಲಿನ ತೆರಿಗೆ ಶೇ 12ರಿಂದ ಶೇ 5ಕ್ಕೂ ಇಳಿದಿರುವುದು ನೋಂದಣಿ ಇಲ್ಲದವರಿಗೂ ದೊರೆತ ನಿಜವಾದ ಅನುಕೂಲ.

ಆದಾಯ ತೆರಿಗೆಯಲ್ಲಿ ಸಣ್ಣ ಲಾರಿ ಮಾಲೀಕರಿಗೆ ಸರಳವಾದ ದಾರಿಯೊಂದಿದೆ. 1961ರ ಕಾಯ್ದೆಯ 44ಎಇ ಸೆಕ್ಷನ್ನಿನಲ್ಲಿದ್ದ ಈ ಅಂದಾಜು ಆದಾಯದ ನಿಯಮವನ್ನು, 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಹೊಸ ಕಾಯ್ದೆಯು ಇತರ ಅಂದಾಜು ನಿಯಮಗಳೊಡನೆ 58ನೇ ಸೆಕ್ಷನ್ನಿನಲ್ಲಿ ಸೇರಿಸಿದೆ. ವರ್ಷದ ಯಾವ ಹೊತ್ತಿನಲ್ಲೂ ಹತ್ತಕ್ಕಿಂತ ಹೆಚ್ಚು ಸರಕು ವಾಹನಗಳಿಲ್ಲದವರು ಖರ್ಚುವೆಚ್ಚದ ಪುಸ್ತಕವನ್ನು ಇಲಾಖೆಗೆ ತೋರಿಸದೆ, ವಾಹನದ ತೂಕದ ಮೇಲೆ ಆದಾಯವನ್ನು ಘೋಷಿಸಬಹುದು. ಲೋಡು ಸೇರಿದ ಒಟ್ಟು ತೂಕ 12,000 ಕಿಲೋ ಮೀರಿದ ಭಾರಿ ವಾಹನಕ್ಕೆ ಟನ್ನಿಗೆ ತಿಂಗಳಿಗೆ 1,000 ರೂಪಾಯಿ, ಉಳಿದವುಗಳಿಗೆ ವಾಹನಕ್ಕೆ ತಿಂಗಳಿಗೆ 7,500 ರೂಪಾಯಿ ಎಂಬುದು ಅಂದಾಜಿನ ದರ; ತಿಂಗಳ ಒಂದು ಭಾಗದಲ್ಲಿ ಮಾತ್ರ ಲಾರಿ ಕೈಯಲ್ಲಿದ್ದರೂ ಅದು ಪೂರ್ತಿ ತಿಂಗಳೆಂದೇ ಲೆಕ್ಕ. ನೋಂದಣಿ ಪತ್ರದಲ್ಲಿ (ಆರ್‌ಸಿ) 28 ಟನ್ ಎಂದು ನಮೂದಾಗಿರುವ ಹತ್ತು ಚಕ್ರದ ಲಾರಿಗೆ ವರ್ಷದ ಅಂದಾಜು ಆದಾಯ 3,36,000 ರೂಪಾಯಿ, 11 ಟನ್ನಿನ ಮಧ್ಯಮ ವಾಹನಕ್ಕೆ 90,000 ರೂಪಾಯಿ ಆಗುತ್ತದೆ. ಕಂತಿನ ಸಾಲದಲ್ಲಿ ಕೊಂಡ ಲಾರಿಯೂ ಮಾಲೀಕರದೇ ಎಂದು ಕಾಯ್ದೆ ಪರಿಗಣಿಸುತ್ತದೆ. ಈ ಅಂದಾಜು ಆದಾಯದಿಂದ ಡೀಸೆಲ್, ಸವಕಳಿ, ಸಾಲದ ಬಡ್ಡಿ ಎಂದು ಮತ್ತೆ ಕಳೆಯಲು ಬರುವುದಿಲ್ಲ, ಅವೆಲ್ಲ ಆಗಲೇ ಕಳೆದಿವೆ ಎಂದು ಭಾವಿಸಲಾಗುತ್ತದೆ. ನಿಜವಾದ ಗಳಿಕೆ ಅಂದಾಜಿಗಿಂತ ಕಡಿಮೆ ಎಂದು ವಾದಿಸುವವರು ಲೆಕ್ಕದ ಪುಸ್ತಕಗಳನ್ನು ಇಟ್ಟು ಆಡಿಟ್ ಮಾಡಿಸಬೇಕು.

2025–26ನೇ ಹಣಕಾಸು ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಒಟ್ಟು ಆದಾಯಕ್ಕೆ ರಿಯಾಯಿತಿಯಿಂದಾಗಿ ತೆರಿಗೆ ಬೀಳದಿರುವುದರಿಂದ, ಒಂದೆರಡು ಲಾರಿಯವರಲ್ಲಿ ಬಹುಪಾಲು ಮಂದಿ ಆದಾಯ ತೆರಿಗೆಯಾಗಿ ಏನನ್ನೂ ಕಟ್ಟಬೇಕಾಗುವುದಿಲ್ಲ. ತೆರಿಗೆ ಇಲ್ಲವೆಂದು ರಿಟರ್ನ್ ಬಿಡುವುದು ಮಾತ್ರ ಜಾಣತನವಲ್ಲ. ಮುಂದಿನ ಲಾರಿಗೆ ಬ್ಯಾಂಕಿನಲ್ಲಿ ಸಾಲ ಕೇಳುವಾಗ ಎರಡು ಮೂರು ವರ್ಷದ ರಿಟರ್ನ್ ಇದ್ದವರಿಗೂ ಇಲ್ಲದವರಿಗೂ ಬಡ್ಡಿಯಲ್ಲಿ ವ್ಯತ್ಯಾಸವಾಗುತ್ತದೆ. ಅಪಘಾತದಲ್ಲಿ ದುಡಿಯುವವರೇ ತೀರಿಕೊಂಡಾಗ ಕುಟುಂಬದವರು ಪರಿಹಾರ ಕೇಳುವ ನ್ಯಾಯಮಂಡಳಿಯಲ್ಲಿ ಅವರ ಆದಾಯಕ್ಕೆ ರಿಟರ್ನ್‌ಗಿಂತ ಗಟ್ಟಿಯಾದ ಪುರಾವೆ ಸಿಗುವುದು ವಿರಳ. ಅಂದಾಜು ಆದಾಯದವರಿಗಾಗಿಯೇ ಇರುವ ಸುಗಮ್ ಎಂಬ ನಾಲ್ಕನೆಯ ನಮೂನೆಯ ರಿಟರ್ನ್ ದೊಡ್ಡ ಕಸರತ್ತೇನೂ ಅಲ್ಲ.

ಬಾಡಿಗೆ ಕೊಡುವ ಕಂಪನಿಗಳು ವ್ಯಕ್ತಿಗಳಿಗೆ ಪಾವತಿಸುವಾಗ ಶೇ 1ರಷ್ಟನ್ನು ಮೂಲದಲ್ಲೇ ತೆರಿಗೆಯಾಗಿ ಹಿಡಿಯುವುದುಂಟು. ಇದನ್ನು ಟಿಡಿಎಸ್ ಎನ್ನುತ್ತಾರೆ. ಆದರೆ ವರ್ಷದಲ್ಲಿ ಹತ್ತಕ್ಕಿಂತ ಹೆಚ್ಚು ಸರಕು ವಾಹನಗಳಿಲ್ಲ ಎಂಬ ಘೋಷಣೆಯನ್ನು ಪ್ಯಾನ್ ಸಂಖ್ಯೆಯೊಡನೆ ಬರೆದುಕೊಟ್ಟ ಸಾಗಣೆದಾರರಿಂದ ಟಿಡಿಎಸ್ ಹಿಡಿಯಬೇಕಾಗಿಲ್ಲ ಎಂದು ಕಾನೂನು ಹೇಳುತ್ತದೆ. ಹಣಕಾಸು ವರ್ಷದ ಆರಂಭದಲ್ಲೇ, ಲಾರಿಯ ಆರ್‌ಸಿ ಪ್ರತಿಯ ಜೊತೆ ಈ ಒಂದು ಹಾಳೆಯನ್ನು ಪ್ರತಿಯೊಂದು ಟ್ರಾನ್ಸ್‌ಪೋರ್ಟ್ ಆಫೀಸಿಗೆ ಕೊಟ್ಟು ಸಹಿ ಮಾಡಿದ ಪ್ರತಿಯನ್ನು ಇಟ್ಟುಕೊಳ್ಳಬೇಕು. ಪ್ಯಾನ್ ಕೊಡದವರಿಂದ ಶೇ 20ರಷ್ಟು ಹಿಡಿಯುವ ನಿಯಮವಿರುವುದರಿಂದ ಇದನ್ನು ಅಲಕ್ಷಿಸಿದರೆ ನಷ್ಟ ದೊಡ್ಡದು. ಆಗಲೇ ಹಿಡಿದುಬಿಟ್ಟಿದ್ದರೆ ಆ ಮೊತ್ತ ಇಲಾಖೆಯ 26ಎಎಸ್ ಪಟ್ಟಿಯಲ್ಲಿ ಕಾಣುತ್ತದೆ, ರಿಟರ್ನ್ ಸಲ್ಲಿಸಿ ಹಿಂದಕ್ಕೆ ಪಡೆಯಬಹುದು.

ರಸ್ತೆಯಲ್ಲಿ ಹೆಚ್ಚು ತೊಂದರೆ ಕೊಡುವ ಕಾಗದ ಇ-ವೇ ಬಿಲ್. 2018ರ ಏಪ್ರಿಲ್ 1ರಿಂದ ಕಡ್ಡಾಯವಾದ ಇದು, 50,000 ರೂಪಾಯಿ ಮೀರಿದ ಮೌಲ್ಯದ ಸರಕಿಗೆ ಜಿಎಸ್‌ಟಿ ಜಾಲತಾಣದಲ್ಲಿ ಪಡೆಯುವ ಸಾಗಣೆಯ ರಹದಾರಿ. ರಾಜ್ಯದೊಳಗಿನ ಸಾಗಣೆಗೂ ಅದೇ ದಿನದಿಂದ ಇದನ್ನು ಕಡ್ಡಾಯ ಮಾಡಿದ ಮೊದಲ ರಾಜ್ಯ ಕರ್ನಾಟಕ. ಇ-ವೇ ಬಿಲ್ಲಿನ ಮೊದಲ ಭಾಗದಲ್ಲಿ ಸರಕಿನ ವಿವರವೂ ಎರಡನೆಯ ಭಾಗದಲ್ಲಿ ಲಾರಿಯ ನಂಬರೂ ಇರುತ್ತವೆ. 2021ರ ಜನವರಿ 1ರಿಂದ ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಅವಧಿ ಸಿಗುತ್ತದೆ. ಸುಮಾರು 980 ಕಿಲೋಮೀಟರಿನ ಬೆಂಗಳೂರು–ಮುಂಬೈ ಓಟಕ್ಕೆ ಐದು ದಿನ. ಘಾಟಿಯಲ್ಲಿ ಭೂಕುಸಿತವಾಗಿಯೋ ಲಾರಿ ಕೆಟ್ಟು ನಿಂತೋ ಅವಧಿ ಮೀರುವಂತಿದ್ದರೆ, ಮುಗಿಯುವ ಹೊತ್ತಿನ ಹಿಂದಿನ 8 ಗಂಟೆ ಮತ್ತು ಮುಂದಿನ 8 ಗಂಟೆಗಳ ಒಳಗೆ ಅದನ್ನು ವಿಸ್ತರಿಸಬಹುದು. ಈ ಕೆಲಸವನ್ನು ಸಾಗಣೆದಾರರೇ ಮಾಡಬೇಕಾದ್ದರಿಂದ, ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ರಾತ್ರಿ ಯಾರನ್ನು ಕರೆಯಬೇಕು ಎಂಬ ಫೋನ್ ನಂಬರು ಇಲ್ಲದೆ ಹೊರಡಬಾರದು. ನೇರ ಲೋಡು ಹಿಡಿಯುವ, ಜಿಎಸ್‌ಟಿ ನೋಂದಣಿಯಿಲ್ಲದ ಮಾಲೀಕರು ಇಎನ್‌ಆರ್-01 ಎಂಬ ನಮೂನೆಯಲ್ಲಿ ಹೆಸರು ಸೇರಿಸಿ ತಮ್ಮದೇ ಸಾಗಣೆದಾರ ಸಂಖ್ಯೆಯನ್ನು ಪಡೆದಿಟ್ಟುಕೊಳ್ಳಬಹುದು. ದಾರಿಯಲ್ಲಿ ಸರಕನ್ನು ಬೇರೆ ಲಾರಿಗೆ ಬದಲಿಸಿದರೆ, ಆ ಲಾರಿ ಕದಲುವ ಮುನ್ನ ಎರಡನೆಯ ಭಾಗದಲ್ಲಿ ಹೊಸ ನಂಬರು ಸೇರಲೇಬೇಕು.

ತಪಾಸಣೆಗೆ ಲಾರಿ ನಿಲ್ಲಿಸಿದಾಗ ಚಾಲಕರಿಗೆ ಇರುವ ರಕ್ಷಣೆಗಳು ಹಲವರಿಗೆ ತಿಳಿದಿಲ್ಲ. ಲಾರಿಯನ್ನು 30 ನಿಮಿಷಕ್ಕಿಂತ ಹೆಚ್ಚು ಹೊತ್ತು ತಡೆದರೆ ಅದನ್ನು ಇಡಬ್ಲ್ಯುಬಿ-04 ಎಂಬ ನಮೂನೆಯಲ್ಲಿ ಜಾಲತಾಣಕ್ಕೆ ದಾಖಲಿಸುವ ಹಕ್ಕು ಸಾಗಣೆದಾರರಿಗಿದೆ. ತಪಾಸಣೆಯ ಸಂಕ್ಷಿಪ್ತ ವರದಿಯನ್ನು ಅಧಿಕಾರಿ 24 ಗಂಟೆಗಳಲ್ಲೂ ಅಂತಿಮ ವರದಿಯನ್ನು 3 ದಿನಗಳಲ್ಲೂ ಹಾಕಬೇಕು. ಲಾರಿ ನಂಬರಿನ ಒಂದೆರಡು ಅಕ್ಷರ ಅಥವಾ ಅಂಕಿ ತಪ್ಪಾಗಿದ್ದರೆ, ಹೆಸರಿನ ಕಾಗುಣಿತ ತಪ್ಪಾಗಿದ್ದರೆ ಸರಕನ್ನು ಜಪ್ತಿ ಮಾಡುವಂತಿಲ್ಲ, ಎರಡು ಕಾನೂನುಗಳಡಿ ತಲಾ 500ರಂತೆ 1,000 ರೂಪಾಯಿ ದಂಡ ಹಾಕಿ ಬಿಡಬೇಕು ಎಂದು ಕೇಂದ್ರ ಪರೋಕ್ಷ ತೆರಿಗೆಗಳ ಮಂಡಳಿಯು 2018ರ ಸೆಪ್ಟೆಂಬರ್ 14ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಇ-ವೇ ಬಿಲ್ಲೇ ಇಲ್ಲದಂಥ ದೊಡ್ಡ ತಪ್ಪಿಗೆ ಸರಕಿನ ಮೇಲೆ ತೆರಿಗೆಯ ಇಮ್ಮಡಿ ದಂಡ ಬಿದ್ದು, ಸರಕಿನ ಮಾಲೀಕರು ಅದನ್ನು ಕಟ್ಟಲು ಬಾರದೆ ಲಾರಿ ಸಿಕ್ಕಿಬಿದ್ದರೂ, ಆ ದಂಡದ ಮೊತ್ತ ಅಥವಾ 1 ಲಕ್ಷ ರೂಪಾಯಿ ಇವೆರಡರಲ್ಲಿ ಕಡಿಮೆಯಾದದ್ದನ್ನು ಕಟ್ಟಿ ಸಾಗಣೆದಾರರು ಲಾರಿಯನ್ನಷ್ಟೇ ಬಿಡಿಸಿಕೊಳ್ಳಲು 129ನೇ ಸೆಕ್ಷನ್ನಿನಲ್ಲಿ ಅವಕಾಶವಿದೆ. ಅದು ಕೂಡ ಒಂಟಿ ಲಾರಿಯವರ ಬೆನ್ನು ಮುರಿಯುವ ಮೊತ್ತವೇ. ಆದುದರಿಂದ ಲೋಡಿಂಗ್ ಮುಗಿದ ಮೇಲೆ ಇನ್‌ವಾಯ್ಸ್, ಎಲ್‌ಆರ್ ಮತ್ತು ಇ-ವೇ ಬಿಲ್ ಮೂರರಲ್ಲೂ ಸರಕು, ತೂಕ ಮತ್ತು ಲಾರಿ ನಂಬರು ಒಂದೇ ಇವೆಯೇ ಎಂದು ಓದಿ ನೋಡಿಯೇ ಗೇಟು ದಾಟಬೇಕು. ತರಕಾರಿ, ಹಣ್ಣು, ಹಾಲಿನಂಥ ಸರಕಿಗೆ ಇ-ವೇ ಬಿಲ್ ಬೇಕಿಲ್ಲ; ಮರಳು, ಜಲ್ಲಿ, ಅದಿರು ಸಾಗಿಸುವವರಿಗೆ ಇದರೊಡನೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಖನಿಜ ರವಾನೆ ಪರವಾನಗಿಯೂ ಬೇಕು.

ಲಾರಿಗೇ ಸಂಬಂಧಿಸಿದ ಕಾಗದಗಳಾದ ಆರ್‌ಸಿ, ಎಫ್‌ಸಿ (ಅರ್ಹತಾ ಪತ್ರ), ಪರ್ಮಿಟ್, ವಿಮೆ, ರಸ್ತೆ ತೆರಿಗೆ ಮತ್ತು ಹೊಗೆ ತಪಾಸಣೆ ಪತ್ರಗಳು ಎಲ್ಲರಿಗೂ ಪರಿಚಿತವಾದವು. ಇವುಗಳನ್ನು ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದರೂ ಮೂಲ ದಾಖಲೆಗೆ ಸಮ. ಎಫ್‌ಸಿಯು ಎಂಟು ವರ್ಷದವರೆಗಿನ ಲಾರಿಗೆ ಎರಡು ವರ್ಷಕ್ಕೊಮ್ಮೆ, ಆ ಮೇಲೆ ಪ್ರತಿವರ್ಷ ನವೀಕರಣವಾಗಬೇಕು. ಇವುಗಳ ಅವಧಿ ಬೇರೆ ಬೇರೆ ತಿಂಗಳಲ್ಲಿ ಮುಗಿಯುವುದರಿಂದ ಎಲ್ಲ ತಾರೀಕುಗಳನ್ನು ಒಂದೇ ಹಾಳೆಯಲ್ಲಿ ಬರೆದು ಕ್ಯಾಬಿನ್ನಿನಲ್ಲಿ ಅಂಟಿಸಿಕೊಳ್ಳುವುದು ಲೇಸು. ಪರ್ಮಿಟ್ ಅಥವಾ ಚಾಲಕರ ಲೈಸೆನ್ಸ್ ಊರ್ಜಿತದಲ್ಲಿಲ್ಲದ ಹೊತ್ತಿನಲ್ಲಿ ಅಪಘಾತವಾದರೆ, ವಿಮಾ ಕಂಪನಿಯು ಸಂತ್ರಸ್ತರಿಗೆ ಪರಿಹಾರ ಕೊಟ್ಟು ಆ ಹಣವನ್ನು ಮಾಲೀಕರಿಂದ ವಸೂಲು ಮಾಡಬಹುದು ಎಂದು ನ್ಯಾಯಾಲಯಗಳು ತೀರ್ಪು ನೀಡಿವೆ. ಲಕ್ಷಗಟ್ಟಲೆಯ ಆ ಹೊರೆಯ ಮುಂದೆ ನವೀಕರಣದ ಶುಲ್ಕ ಏನೇನೂ ಅಲ್ಲ. ಥರ್ಡ್ ಪಾರ್ಟಿ ವಿಮೆಯು ಹೆಸರೇ ಹೇಳುವಂತೆ ಇತರರಿಗಾದ ಹಾನಿಗೆ ಮಾತ್ರ. ತಾವೇ ಓಡಿಸುವ ಮಾಲೀಕರು 15 ಲಕ್ಷ ರೂಪಾಯಿಯ ಮಾಲೀಕ-ಚಾಲಕ ವೈಯಕ್ತಿಕ ಅಪಘಾತ ವಿಮೆ ಪಾಲಿಸಿಯಲ್ಲಿ ಸೇರಿದೆಯೇ ಎಂದು ನೋಡಿಕೊಳ್ಳಬೇಕು, ಕ್ಲೀನರ್ ಮತ್ತು ಸಂಬಳದ ಚಾಲಕರಿಗೆ ಪ್ರತ್ಯೇಕ ಪ್ರೀಮಿಯಂ ಕಟ್ಟಿ ರಕ್ಷಣೆ ಮಾಡಿಸಬೇಕು. ಓವರ್‌ಲೋಡ್‌ಗೆ 2019ರ ತಿದ್ದುಪಡಿಯ ನಂತರ 20,000 ರೂಪಾಯಿ ಮತ್ತು ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಸಾಲದ ಕೊನೆಯ ಕಂತು ಕಟ್ಟಿದ ಕೂಡಲೇ ಫೈನಾನ್ಸ್ ಕಂಪನಿಯಿಂದ ನಿರಾಕ್ಷೇಪಣಾ ಪತ್ರ ಮತ್ತು ಫಾರಂ 35 ಪಡೆದು ಆರ್‌ಸಿಯಿಂದ ಅಡಮಾನದ ನಮೂದನ್ನು ತೆಗೆಸಬೇಕು. ಲಾರಿ ಮಾರಿದಾಗಲೂ ಆರ್‌ಸಿ ಕೊಂಡವರ ಹೆಸರಿಗೆ ವರ್ಗವಾಗುವವರೆಗೆ ಅಪಘಾತದ ಹೊಣೆ ನೋಂದಾಯಿತ ಮಾಲೀಕರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಇಷ್ಟೆಲ್ಲ ಕಾಗದಗಳ ಫಲ ಕೈಗೆ ಬರುವುದು ಬ್ಯಾಲೆನ್ಸ್ ಬಾಡಿಗೆಯ ರೂಪದಲ್ಲಿ. ಸರಕು ಇಳಿಸಿದ ಕಡೆ ಎಲ್‌ಆರ್ ಪ್ರತಿಯ ಮೇಲೆ ಸಹಿ, ಮೊಹರು, ತಾರೀಕು ಮತ್ತು ಸರಕು ಸರಿಯಾಗಿ ತಲುಪಿತೆಂಬ ಮಾತು ಬರೆಸಿಕೊಳ್ಳದೆ ಬಂದರೆ, ಶಾರ್ಟೇಜ್ ಎಂದೋ ತಡವಾಯಿತೆಂದೋ ಕಡಿತ ಮಾಡಲು ದಾರಿ ಮಾಡಿಕೊಟ್ಟಂತಾಗುತ್ತದೆ. ಕಾರ್ಖಾನೆಯ ಗೇಟಿನಲ್ಲಿ ಒಳಹೋದ ಮತ್ತು ಹೊರಬಂದ ಸಮಯವನ್ನು ಬರೆಸಿಕೊಂಡವರು ಮಾತ್ರ ಹಾಲ್ಟಿಂಗ್ ಚಾರ್ಜ್ ಕೇಳಬಲ್ಲರು. ಬ್ಯಾಲೆನ್ಸ್ ತಿಂಗಳುಗಟ್ಟಲೆ ಉಳಿದಾಗ ನೆರವಾಗುವ ಕಾನೂನು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ. ಸೇವಾ ಉದ್ಯಮವಾಗಿ ಲಾರಿ ವ್ಯವಹಾರವೂ ಇದರ ವ್ಯಾಪ್ತಿಗೆ ಬರುತ್ತದೆ. ಉದ್ಯಮ್ ನೋಂದಣಿ ಇರುವ ಮಾಲೀಕರಿಗೆ, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಇದ್ದರೂ 45 ದಿನ ಮೀರದಂತೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ಮಾಸಿಕ ಚಕ್ರಬಡ್ಡಿಯಾಗಿ ಕೊಡಬೇಕು, ಮತ್ತು ಆ ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಹಣ ಕೊಡುವವರೆಗೆ ಬಾಕಿದಾರರು ತಮ್ಮ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸಲು ಬರುವುದಿಲ್ಲ. ವ್ಯಾಜ್ಯವನ್ನು ರಾಜ್ಯದ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ನೆರವು ಮಂಡಳಿಗೆ ಒಯ್ಯಬಹುದು. ಈ ರಕ್ಷಣೆ ಬೇಕೆನ್ನುವವರು ಬಾಡಿಗೆ ಬಾಕಿ ಬಿದ್ದ ಮೇಲೆ ಅಲ್ಲ, ಲೋಡು ಎತ್ತುವ ಮುನ್ನವೇ ನೋಂದಣಿ ಮಾಡಿಸಿರಬೇಕು. ಅದಕ್ಕೆ ಬೇಕಾದುದು ಆಧಾರ್ ಮತ್ತು ಪ್ಯಾನ್ ಮಾತ್ರ, ಸರ್ಕಾರದ ಉದ್ಯಮ್ ಜಾಲತಾಣದಲ್ಲಿ ಅದಕ್ಕೆ ಯಾವ ಶುಲ್ಕವೂ ಇಲ್ಲ.